ವಿಪತ್ತು ಪರಿಹಾರ ನಿಧಿಯೂ ಗ್ರಾಮಗಳ ಹೊಣೆಯೂ

ಮಳೆ ತಪ್ಪಿ ಪೈರು ಒಣಗಿದಾಗಲೂ, ಹೊಳೆ ಉಕ್ಕಿ ಗದ್ದೆಯ ಮೇಲೆ ಮರಳು ನಿಂತಾಗಲೂ ರೈತರು ಸರ್ಕಾರದ ಕಡೆಗೆ ನೋಡುವುದು ಸಹಜವಾದುದು. ಆದರೆ ಪರಿಹಾರದ ಹಣವು ಯಾವ ನಿಧಿಯಿಂದ ಬರುತ್ತದೆ, ಯಾವ ನಿಯಮದಂತೆ ಹಂಚಲ್ಪಡುತ್ತದೆ ಎಂಬ ಸಂಗತಿಯು ಗ್ರಾಮಗಳ ಮುಖಂಡರಲ್ಲಿಯೇ ಅನೇಕರಿಗೆ ತಿಳಿದಿರುವುದಿಲ್ಲ. ಇದರಿಂದ ಹೆಚ್ಚಾಗಿ ನಷ್ಟಪಡತಕ್ಕವರು ಸಣ್ಣ ಹಿಡುವಳಿದಾರರು.

2005ನೆಯ ಇಸವಿಯ ವಿಪತ್ತು ನಿರ್ವಹಣಾ ಶಾಸನದಂತೆ ಪ್ರತಿಯೊಂದು ಜಿಲ್ಲೆಗೂ ಒಂದು ಪ್ರಾಧಿಕಾರವಿರತಕ್ಕದ್ದು. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಯು ಸಹಾಧ್ಯಕ್ಷರು. ಇಷ್ಟಕ್ಕೇ ಕೆಲಸವು ಮುಗಿಯಲಿಲ್ಲ. ಅದೇ ಶಾಸನದ 41ನೆಯ ಪ್ರಕರಣವು ಪಂಚಾಯತಿಗಳನ್ನೊಳಗೊಂಡ ಸ್ಥಳೀಯ ಸಂಸ್ಥೆಗಳು ತಮ್ಮ ನೌಕರರಿಗೆ ತರಬೇತು ಕೊಡಿಸಬೇಕೆಂದೂ, ಬೇಕಾದ ಸಾಧನಗಳನ್ನು ಯಾವಾಗಲೂ ಸಿದ್ಧವಾಗಿ ಇಟ್ಟಿರಬೇಕೆಂದೂ ವಿಧಿಸಿದೆ.

ಹಣದ ಏರ್ಪಾಡು ಹೀಗಿದೆ. 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಹದಿನೈದನೆಯ ಹಣಕಾಸು ಆಯೋಗದವರು ಮಾಡಿದ ಶಿಫಾರಸಿನಂತೆ, ಕರ್ನಾಟಕದಂಥ ರಾಜ್ಯಗಳ ನಿಧಿಗೆ ಕೇಂದ್ರವು ನೂರಕ್ಕೆ 75 ಭಾಗವನ್ನೂ ರಾಜ್ಯವು 25 ಭಾಗವನ್ನೂ ಕೊಡತಕ್ಕದ್ದು. ಒಟ್ಟು ಮೊತ್ತದಲ್ಲಿ ನೂರಕ್ಕೆ 40 ಭಾಗ ತಕ್ಷಣದ ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 20 ವಿಪತ್ತಿನ ತೀವ್ರತೆಯನ್ನು ಮುಂದಾಗಿ ತಗ್ಗಿಸುವ ಕಾಮಗಾರಿಗಳಿಗೆ, ಉಳಿದ 10 ಪೂರ್ವಸಿದ್ಧತೆಗೆ. ಪರಿಹಾರದ ನಲವತ್ತನ್ನು ಕುರಿತು ಎಲ್ಲರೂ ಕೇಳುತ್ತಾರೆ; ಸಿದ್ಧತೆಯ ಹತ್ತನ್ನು ಕುರಿತು ವಿಚಾರಿಸುವವರು ವಿರಳ. ಜಿಲ್ಲೆಯ ಯೋಜನೆಯು ತಯಾರಾಗುವಾಗಲೇ ತಮ್ಮ ಊರಿನ ಒಡೆದ ಕೆರೆಯ ಏರಿಯನ್ನೋ, ನೆರೆಯಲ್ಲಿ ಮುಳುಗುವ ದಾರಿಯನ್ನೋ ಬರೆಹದ ಮೂಲಕ ತಿಳಿಸುವ ಪಂಚಾಯತಿಗೆ ಈ ಭಾಗಗಳಿಂದ ಪ್ರಯೋಜನವುಂಟಾಗಬಹುದು.

ಬೆಳೆನಷ್ಟದ ವಿಷಯದಲ್ಲಿ 2022-23ರಿಂದ 2025-26ರವರೆಗಿನ ಕೇಂದ್ರದ ನಿಯಮಗಳು ಸ್ಪಷ್ಟವಾಗಿವೆ. ನೂರಕ್ಕೆ 33 ಭಾಗಕ್ಕಾದರೂ ಬೆಳೆ ನಷ್ಟವಾಗಿರಬೇಕು. ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರುಗಳವರೆಗೆ, ಎಂದರೆ ಐದು ಎಕರೆಗೆ ತುಸು ಕಡಿಮೆ. ಮಳೆಯಾಶ್ರಿತ ಎಕರೆಗೆ ಇದು ಸುಮಾರು 3,440 ರೂಪಾಯಿ ಮಾತ್ರ. ಇದು ಮತ್ತೆ ಬಿತ್ತುವುದಕ್ಕೆ ಒದಗಿಸುವ ನೆರವೇ ಹೊರತು ಹೋದ ಬೆಳೆಯ ಬೆಲೆಯಲ್ಲ. ಹಾಗೆಂದು ತಿಳಿಯದೆ ಈ ಹಣವನ್ನೇ ನಂಬಿ ಬೆಳೆ ವಿಮೆಯನ್ನು ಬಿಟ್ಟವರು ಕಷ್ಟಕ್ಕೆ ಸಿಲುಕುತ್ತಾರೆ. ಸಣ್ಣ ಹಾಗೂ ಅತಿಸಣ್ಣ ರೈತರ ಭೂಮಿಯಲ್ಲಿ ಮೂರು ಅಂಗುಲಕ್ಕಿಂತ ಹೆಚ್ಚಾಗಿ ಮರಳು ಅಥವಾ ಹೂಳು ನಿಂತಿದ್ದರೆ ಅದನ್ನು ತೆಗೆಯಿಸಲು ಹೆಕ್ಟೇರಿಗೆ 18,000 ರೂಪಾಯಿ ಉಂಟು. ಆದಕಾರಣ ಮರಳನ್ನು ಎತ್ತಿಹಾಕುವ ಮೊದಲೇ ಅಧಿಕಾರಿಗಳಿಂದ ಅಳತೆ ಮಾಡಿಸತಕ್ಕದ್ದು.

ಬರಗಾಲವನ್ನು ನಿರ್ಣಯಿಸುವ ಕ್ರಮವು ಬೇರೆ. 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆಯ ಕೊರತೆಯನ್ನು ನೋಡುತ್ತಾರೆ. ಬಳಿಕ ಬಿತ್ತನೆ, ಮಣ್ಣಿನ ತೇವ, ಜಲಾಶಯಗಳ ನೀರು, ಉಪಗ್ರಹದಿಂದ ಕಂಡ ಹಸಿರು, ಇವನ್ನು ಪರಿಶೀಲಿಸುತ್ತಾರೆ. ಕೊನೆಗೆ ತಾಲ್ಲೂಕಿನ ನೂರಕ್ಕೆ ಹತ್ತರಷ್ಟು ಗ್ರಾಮಗಳನ್ನು ಆರಿಸಿ, ಒಂದೊಂದರಲ್ಲಿಯೂ ಪ್ರತಿಯೊಂದು ಮುಖ್ಯ ಬೆಳೆಗೆ ಐದು ಸ್ಥಳಗಳನ್ನು ಕಣ್ಣಾರೆ ಕಾಣುತ್ತಾರೆ. ಹೀಗೆ ಆರಿಸಲ್ಪಟ್ಟ ಒಂದು ಗ್ರಾಮವು ಆರಿಸಲ್ಪಡದ ಒಂಬತ್ತು ಗ್ರಾಮಗಳ ಪರವಾಗಿ ಸಾಕ್ಷ್ಯ ನುಡಿದಂತೆ. ರಸ್ತೆಯ ಬದಿಯ ಬೋರ್‌ವೆಲ್ಲಿನ ಹಸಿರು ಹೊಲವನ್ನೇ ತೋರಿಸಿ ಕಳುಹಿಸಿದರೆ ಅನ್ಯಾಯವಾಗುವುದು ಆ ಒಂದು ಊರಿಗೆ ಮಾತ್ರವಲ್ಲ.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ರಾಜ್ಯವು 18,171 ಕೋಟಿ ರೂಪಾಯಿಗಳನ್ನು ಕೇಳಿತು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಸುಮಾರು 3,454 ಕೋಟಿ ರೂಪಾಯಿಗಳು 2024ರ ಏಪ್ರಿಲ್ ತಿಂಗಳಲ್ಲಿ ಬಿಡುಗಡೆಯಾದವು. ಅಷ್ಟರಲ್ಲಿ ಮುಂಗಾರಿನ ಮುಂದಿನ ಬಿತ್ತನೆಯೇ ಸಮೀಪಿಸಿತ್ತು.

ಆ ಹಣವನ್ನು ಫ್ರೂಟ್ಸ್ ಎಂಬ ರೈತರ ನೋಂದಣಿಯ ಆಧಾರದ ಮೇಲೆ ನೇರವಾಗಿ ಬ್ಯಾಂಕಿನ ಖಾತೆಗಳಿಗೆ ಸಲ್ಲಿಸಲಾಯಿತು. ಪಹಣಿಯು ತೀರಿಹೋದ ತಂದೆಯ ಹೆಸರಿನಲ್ಲಿಯೇ ನಿಂತಿದ್ದರೆ, ನೋಂದಣಿಯಲ್ಲಿ ಒಂದು ಸರ್ವೆ ನಂಬರು ಬಿಟ್ಟುಹೋಗಿದ್ದರೆ, ಅಥವಾ ಬೆಳೆ ಸಮೀಕ್ಷೆಯಲ್ಲಿ ರಾಗಿಯ ಹೊಲವು ಬೀಳೆಂದು ದಾಖಲಾಗಿದ್ದರೆ, ನಷ್ಟವು ನಿಜವಾಗಿದ್ದರೂ ಹಣ ಸಲ್ಲುವುದಕ್ಕೆ ತೊಡಕುಂಟಾಗುತ್ತದೆ. ಪೌತಿ ಖಾತೆಯನ್ನು ಮಾಡಿಸಿಕೊಳ್ಳುವುದಕ್ಕೂ ಸಮೀಕ್ಷೆಯ ತಪ್ಪಿಗೆ ಆಕ್ಷೇಪಣೆ ಸಲ್ಲಿಸುವುದಕ್ಕೂ ಬರದ ವರ್ಷಕ್ಕಾಗಿ ಕಾಯದೆ, ಗ್ರಾಮದ ಮುಖಂಡರು ಪೈರು ಹೊಲದಲ್ಲಿರುವಾಗಲೇ ಸಣ್ಣ ಹಿಡುವಳಿದಾರರ ದಾಖಲೆಗಳನ್ನು ಗ್ರಾಮ ಆಡಳಿತಾಧಿಕಾರಿಗಳ ಮುಂದೆ ಒಮ್ಮೆ ಓದಿಸಿ ನೋಡತಕ್ಕದ್ದು.