ರಸ್ತೆಯ ಸದ್ದನ್ನು ಮುಂಚೆಯೇ ಲೆಕ್ಕ ಹಾಕುವುದು

ಕೊಳ್ಳೇಗಾಲದಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಬರುವ 948 ಇಲ್ಲಿಂದ ಯಳಂದೂರು, ಚಾಮರಾಜನಗರದ ಮೇಲೆ ಹಾದು ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗುತ್ತದೆ. ಕೋಳಿಕ್ಕೋಡಿನಿಂದ ಹೊರಟು ಮೈಸೂರು, ತಿ. ನರಸೀಪುರದ ಮೂಲಕ ಬರುವ 766 ಇಲ್ಲೇ ಕೊನೆಗೊಳ್ಳುತ್ತದೆ. ಇವೆರಡರ ಜೊತೆಗೆ ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುವ ರಸ್ತೆ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು, ಕರಿಕಲ್ಲು ಹೊತ್ತ ಲಾರಿ, ಬೆಟ್ಟದ ಬಸ್ಸು ಎಲ್ಲಕ್ಕೂ ಇವೇ ದಾರಿ. ಇವುಗಳ ಬದಿಯಲ್ಲಿ ಶಾಲೆಯೋ ಆಸ್ಪತ್ರೆಯೋ ಕಟ್ಟುವ ಮುನ್ನ ಅಲ್ಲಿ ಸದ್ದು ಎಷ್ಟಿರುತ್ತದೆಂದು ತಿಳಿಯಲು ಸಾಧ್ಯವೇ? ಸಾಧ್ಯ. ಅದಕ್ಕೆ ದುಬಾರಿ ಯಂತ್ರವೂ ಬೇಕಿಲ್ಲ. ಒಂದು ನೋಟ್‌ಬುಕ್ಕು, ಗಡಿಯಾರ, ಪಿಯುಸಿ ಹುಡುಗರಿಗೆ ಬರುವಷ್ಟು ಲಾಗರಿದಮ್ ಇದ್ದರೆ ಸಾಕು.

ನಮ್ಮ ದೇಶದಲ್ಲಿ ಸದ್ದನ್ನು ಹಗಲಿರುಳು ಅಳೆಯುವ ಜಾಲ 2011ರಲ್ಲಿ ಶುರುವಾದಾಗ ಅದು ಬೆಂಗಳೂರೂ ಸೇರಿ ಏಳು ಮಹಾನಗರಗಳಲ್ಲಿ ಮಾತ್ರ ಇತ್ತು. ಸಣ್ಣ ಊರುಗಳಿಗೆ ಯಂತ್ರ ಬರುವವರೆಗೆ ಕಾಯುವುದಕ್ಕಿಂತ ಲೆಕ್ಕ ಹಾಕುವುದೇ ಮೇಲು ಎಂಬುದು ನನ್ನ ನಿಲುವು.

ಮೊದಲು ಡೆಸಿಬೆಲ್‌ನ ಗುಣ ತಿಳಿಯಬೇಕು. ಇದನ್ನು ರೂಪಾಯಿ ಪೈಸೆಯಂತೆ ಕೂಡಲಾಗದು. ಒಂದು ಲಾರಿ 80 ಡೆಸಿಬೆಲ್ ಸದ್ದು ಮಾಡಿದರೆ ಅಂಥ ಎರಡು ಲಾರಿ ಸೇರಿ ಮಾಡುವುದು 83, 160 ಅಲ್ಲ. ಹತ್ತು ಲಾರಿ ಸೇರಿದರೆ 90. ಅಂದರೆ ವಾಹನಗಳ ಸಂಖ್ಯೆ ಎರಡರಷ್ಟಾದರೆ 3 ಡೆಸಿಬೆಲ್ ಏರುತ್ತದೆ, ಅರ್ಧಕ್ಕಿಳಿದರೆ 3 ಇಳಿಯುತ್ತದೆ. ಕಿವಿಗೆ ಸದ್ದು ದುಪ್ಪಟ್ಟಾದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಮುಂದೆ ಬರುವ 2, 3, 4ರ ವ್ಯತ್ಯಾಸಗಳನ್ನು ಚಿಲ್ಲರೆ ಎಂದು ತಳ್ಳಬಾರದು. 3 ಡೆಸಿಬೆಲ್ ಎಂದರೆ ರಸ್ತೆಯ ಅರ್ಧ ವಾಹನಗಳಷ್ಟು ಸದ್ದು.

ಬ್ರಿಟನ್ನಿನಲ್ಲಿ 1975ರಲ್ಲಿ ಹೊರಬಂದು, ಅಲ್ಲಿನ ಸಾರಿಗೆ ಇಲಾಖೆ 1988ರಲ್ಲಿ ಪರಿಷ್ಕರಿಸಿದ ಒಂದು ಲೆಕ್ಕದ ಕ್ರಮ ಇಂದಿಗೂ ಹಲವೆಡೆ ಬಳಕೆಯಲ್ಲಿದೆ. ಒಂದು ಗಂಟೆಯಲ್ಲಿ ಹಾದುಹೋದ ವಾಹನಗಳ ಸಂಖ್ಯೆಯ ಲಾಗರಿದಮ್ ತೆಗೆದು, ಹತ್ತರಿಂದ ಗುಣಿಸಿ, 42.2 ಕೂಡಿಸಬೇಕು. ರಸ್ತೆಯಂಚಿನಿಂದ 10 ಮೀಟರ್ ದೂರದಲ್ಲಿ, ಆ ಗಂಟೆಯ ಹತ್ತನೇ ಒಂದು ಭಾಗದಷ್ಟು ಹೊತ್ತು ಸದ್ದು ಯಾವ ಮಟ್ಟವನ್ನು ಮೀರುತ್ತದೋ ಅದು ಹೀಗೆ ಸಿಗುತ್ತದೆ. ಆಮೇಲೆ ವೇಗ, ಭಾರೀ ವಾಹನಗಳ ಪಾಲು, ರಸ್ತೆಯ ಏರು, ದೂರ, ಅಡ್ಡಗೋಡೆ ಇವುಗಳಿಗೆ ತಕ್ಕಂತೆ ಕೂಡಿ ಕಳೆಯಬೇಕು.

ಕೊಳ್ಳೇಗಾಲದ ಹೆದ್ದಾರಿಯ ಬದಿಯಲ್ಲಿ ನಿಂತು ಎಣಿಸಿದ್ದೇವೆ ಎಂದಿಟ್ಟುಕೊಳ್ಳೋಣ. ಸಂಖ್ಯೆಗಳನ್ನು ಲೆಕ್ಕ ತೋರಿಸಲೆಂದು ನಾನೇ ಇಟ್ಟಿದ್ದೇನೆ: ಗಂಟೆಗೆ 600 ವಾಹನ, ಅವುಗಳಲ್ಲಿ 60 ಬಸ್ಸು ಲಾರಿಗಳು, ವೇಗ ಗಂಟೆಗೆ 40 ಕಿಲೋಮೀಟರ್. ಮೊದಲ ಹೆಜ್ಜೆಯಲ್ಲಿ 70 ಬರುತ್ತದೆ. ವೇಗದ, ಭಾರೀ ವಾಹನಗಳ ತಿದ್ದುಪಡಿ ಸೇರಿಸಿದರೆ 69.6. ಈಗ ಆ 60 ಭಾರೀ ವಾಹನಗಳ ಜಾಗದಲ್ಲೂ ಕಾರುಗಳನ್ನೇ ಇಟ್ಟು ಮತ್ತೆ ಲೆಕ್ಕ ಹಾಕಿ. ಬರುವುದು 66.1. ಮೂರೂವರೆ ಡೆಸಿಬೆಲ್ ಇಳಿಯಿತು. ಇಡೀ ಸಂಚಾರವನ್ನೇ ಅರ್ಧ ಮಾಡಿದ್ದರೂ ಇಳಿಯುತ್ತಿದ್ದುದು 3 ಮಾತ್ರ. ಎಣಿಕೆಯಲ್ಲಿ ಹತ್ತನೇ ಒಂದು ಪಾಲಿರುವ ಬಸ್ಸು ಲಾರಿಗಳು ಸದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊತ್ತಿವೆ. ಊರಿನ ಒಳಗೆ ಸದ್ದು ತಗ್ಗಬೇಕೆಂದರೆ ಬೈಕು ಕಾರುಗಳಿಗಿಂತ ಮೊದಲು ಲಾರಿಯ ದಾರಿಯನ್ನು ಬದಲಿಸಬೇಕು. ಬೈಪಾಸಿಗೆ ಇಷ್ಟು ಬಲವಾದ ಕಾರಣ ಇನ್ನೊಂದಿಲ್ಲ.

ವೇಗದ ವಿಚಾರ ಇನ್ನೂ ಕುತೂಹಲಕರ. ಅದೇ 600 ವಾಹನಗಳು 40ರ ಬದಲು 75ರಲ್ಲಿ ಓಡಿದರೆ ಸದ್ದು ಎರಡೂವರೆ ಡೆಸಿಬೆಲ್‌ಗೂ ಮೀರಿ ಏರುತ್ತದೆ. ರಸ್ತೆ ಅಗಲ ಮಾಡಿ ನುಣುಪು ಮಾಡಿದಾಗ ವಾಹನ ಒಂದೂ ಹೆಚ್ಚದೆ ಬದಿಯ ಮನೆಯವರಿಗೆ ಗದ್ದಲ ಹೆಚ್ಚಾಗುವುದು ಇದರಿಂದ. ಹಾಗೆಂದು ವೇಗ ತಗ್ಗಿದಷ್ಟೂ ಸದ್ದು ತಗ್ಗುವುದಿಲ್ಲ. 20ಕ್ಕೆ ಇಳಿಸಿದರೆ ಲೆಕ್ಕ 70.3 ತೋರಿಸುತ್ತದೆ, 40ಕ್ಕಿಂತ ಜಾಸ್ತಿ! ಭಾರ ಹೊತ್ತ ಲಾರಿ ಕೆಳಗಿನ ಗೇರಿನಲ್ಲಿ ನರಳುತ್ತ ಸಾಗುವುದನ್ನು ಯಳಂದೂರಿನಂಥ ಊರಿನ ಒಳಗಿನ ಹೆದ್ದಾರಿಯಲ್ಲಿ ಕೇಳಿದವರಿಗೆ ಇದು ಅಚ್ಚರಿಯಲ್ಲ. ಏರಿನಲ್ಲೂ ಹೀಗೆಯೇ. ಪ್ರತಿ ನೂರು ಮೀಟರಿಗೆ ಒಂದು ಮೀಟರ್ ಏರಿದರೆ 0.3 ಡೆಸಿಬೆಲ್ ಸೇರಿಸಬೇಕು. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ನೂರಕ್ಕೆ ಎಂಟರ ಏರು ಸಿಕ್ಕರೆ ಅದೊಂದೇ 2.4 ಆಯಿತು.

ಈ ಸೂತ್ರ ಹುಟ್ಟಿದ ನಾಡಿನಲ್ಲಿ ಅಷ್ಟಾಗಿ ಕೇಳದ ಸಂಗತಿ ಹಾರ್ನ್. ಒಂದು ಗಂಟೆಯಿಡೀ 70 ಡೆಸಿಬೆಲ್ ಇರುವ ರಸ್ತೆಯಲ್ಲಿ, ಬಿಟ್ಟು ಬಿಟ್ಟು ಹೊಡೆದ ಹಾರ್ನುಗಳೆಲ್ಲ ಸೇರಿ ಒಂದೇ ಒಂದು ನಿಮಿಷ 90 ಡೆಸಿಬೆಲ್ ಆದರೂ ಆ ಗಂಟೆಯ ಸರಾಸರಿ 74ಕ್ಕೆ ಏರುತ್ತದೆ. ಉಳಿದ 59 ನಿಮಿಷದ ಸಂಚಾರಕ್ಕಿಂತ ಆ ಒಂದು ನಿಮಿಷದ ಪಾಲೇ ಹೆಚ್ಚು. ಅದಕ್ಕೇ ಭಾರತದ ಸಂಶೋಧಕರು ವಿದೇಶಿ ಸೂತ್ರಗಳನ್ನು ಬಳಸುವಾಗ ಹಾರ್ನಿಗೆಂದು ಬೇರೆ ತಿದ್ದುಪಡಿ ಸೇರಿಸುತ್ತಾರೆ, ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಬೇರೆ ಬೇರೆ ಎಣಿಸುತ್ತಾರೆ. ಕರ್ಕಶ ಹಾರ್ನನ್ನು ಕೇಂದ್ರ ಮೋಟಾರು ವಾಹನ ನಿಯಮಗಳು 1989ರಿಂದಲೇ ನಿಷೇಧಿಸಿವೆ. ರಸ್ತೆ ಅಗೆಯದೆ, ಗೋಡೆ ಕಟ್ಟದೆ, ಕಾಸು ಖರ್ಚಿಲ್ಲದೆ 4 ಡೆಸಿಬೆಲ್ ಇಳಿಸುವ ದಾರಿ ಹಾರ್ನ್ ತಡೆಯುವುದೊಂದೇ.

ಬಂದ ಉತ್ತರವನ್ನು ಯಾವುದರ ಜೊತೆ ಹೋಲಿಸಬೇಕು? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ವಸತಿ ಪ್ರದೇಶದಲ್ಲಿ 55 ಮತ್ತು 45. ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು. ಇವು ಸರಾಸರಿ ಮಟ್ಟಗಳು. ನಮ್ಮ ಸೂತ್ರದ ಉತ್ತರದಿಂದ ಸುಮಾರು 3 ಕಳೆದರೆ ಸರಾಸರಿ ಸಿಗುತ್ತದೆ. 69.6ರಲ್ಲಿ ಕಳೆದರೆ 66 ಚಿಲ್ಲರೆ. ಅಂಗಡಿ ಬೀದಿಯ ಮಿತಿಯನ್ನೂ ಅದು ದಾಟಿತು, ಹಾರ್ನನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಆದರೆ ರಸ್ತೆಯ ಸದ್ದು ದೂರ ಎರಡರಷ್ಟಾದಾಗಲೆಲ್ಲ ಸುಮಾರು 3ರಂತೆ ಇಳಿಯುವುದು. 10 ಮೀಟರಿನಿಂದ 100ಕ್ಕೆ ಹೋದರೆ ಇಳಿಯುವುದು ಹತ್ತೇ. ನಮ್ಮ ಉದಾಹರಣೆಯ ರಸ್ತೆಯಿಂದ ಬಯಲಿನಲ್ಲಿ 100 ಮೀಟರ್ ಹಿಂದೆ ಕಟ್ಟಿದ ವಾರ್ಡಿನ ಕಿಟಕಿಗೂ 56, 57 ಬರುತ್ತದೆ, ಇರಬೇಕಾದದ್ದು 50. ಬೋರ್ಡು ನೆಟ್ಟ ಮಾತ್ರಕ್ಕೆ ಅದು ಇಳಿಯದು. ಉಳುಮೆಯ ನೆಲ, ಹುಲ್ಲು ನಡುವೆ ಇದ್ದರೆ ಇನ್ನಷ್ಟು ತಗ್ಗುತ್ತದೆ. ಒಂದು ಸಾಲು ಮರಗಳಿಂದ ಹೆಚ್ಚೇನೂ ಆಗುವುದಿಲ್ಲ. ವಾಹನ ಕಣ್ಣಿಗೆ ಕಾಣದಂತೆ ಮಾಡುವ ಸಂದಿಲ್ಲದ ಕಾಂಪೌಂಡ್ ಗೋಡೆ ಬಹಳ ಕೆಲಸ ಮಾಡುತ್ತದೆ. ವಾರ್ಡುಗಳನ್ನು ಹಿಂದಕ್ಕೂ ಕಚೇರಿ, ಉಗ್ರಾಣಗಳನ್ನು ರಸ್ತೆಯ ಕಡೆಗೂ ಇಟ್ಟು ನಕ್ಷೆ ಬರೆದರೆ ಕಟ್ಟಡವೇ ಗೋಡೆಯಾಗುತ್ತದೆ. ನಕ್ಷೆಯ ಹಂತದಲ್ಲಿ ಇದಕ್ಕೆ ಹೆಚ್ಚುವರಿ ಖರ್ಚು ಅಷ್ಟಾಗಿ ಇಲ್ಲ, ಕಟ್ಟಿದ ಮೇಲೆ ಬದಲಿಸಲು ಬಾರದು.

ರಾತ್ರಿಯ ಲೆಕ್ಕವೇ ಬೇರೆ. ಒಂದು ಗಂಟೆಯಲ್ಲಿ 59 ನಿಮಿಷ ಬರೀ 40 ಡೆಸಿಬೆಲ್ ಇದ್ದು, ಒಂದು ನಿಮಿಷ ಮಾತ್ರ ಬಸ್ಸುಗಳು 80ರಲ್ಲಿ ಹಾದರೂ ಸರಾಸರಿ 62 ಆಗುತ್ತದೆ. ಹನೂರಿನ ರಸ್ತೆಬದಿಯ ಮನೆಗೆ, ಬೆಟ್ಟದ ಬಸ್ಸುಗಳು ಓಡುವ ಅಮಾವಾಸ್ಯೆ, ಶಿವರಾತ್ರಿಯ ರಾತ್ರಿ ಹಾಗೂ ಮಾಮೂಲಿ ರಾತ್ರಿ ಎರಡು ಬೇರೆ ಊರುಗಳಿದ್ದಂತೆ. ದಿಂಬಂ ಘಾಟಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಕಾಡುಪ್ರಾಣಿಗಳ ರಕ್ಷಣೆಗಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಯಾವ ಗಂಟೆಯಲ್ಲಿ ಎಷ್ಟು ಲಾರಿ ಎಂಬ ಲೆಕ್ಕ ಇಂಥ ಆದೇಶಗಳಿಂದ ಪೂರ್ತಿ ಬದಲಾಗುತ್ತದೆ. ದಿನದ ಒಟ್ಟು ಸಂಖ್ಯೆಯೊಂದನ್ನೇ ನೆಚ್ಚಿದರೆ ಇದು ಕಾಣುವುದೇ ಇಲ್ಲ.

ಆದ್ದರಿಂದ ಎಣಿಸುವವರು ಗಂಟೆಗೊಂದು ಪುಟ ಮಾಡಿಕೊಳ್ಳಬೇಕು. ಪುಟದಲ್ಲಿ ಬೈಕು, ಆಟೋ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರಿಗೆ ಒಂದೊಂದು ಕಾಲಮ್ಮು, ಹಾರ್ನಿಗೆ ಇನ್ನೊಂದು. ಸಂತೆಯ ದಿನ, ಕಬ್ಬು ಕಡಿಯುವ ಕಾಲ, ಬೆಟ್ಟದ ಜಾತ್ರೆ ಇವುಗಳಿಗೆ ಪ್ರತ್ಯೇಕ ಪುಟ. ಬಂದ ಉತ್ತರವನ್ನು ಸಾಧ್ಯವಾದರೆ ಸದ್ದಿನ ಮೀಟರಿನ ಜೊತೆ ತಾಳೆ ನೋಡಬೇಕು. ಮೀಟರು ಲೆಕ್ಕಕ್ಕಿಂತ ಮೂರ್ನಾಲ್ಕು ಡೆಸಿಬೆಲ್ ಹೆಚ್ಚು ತೋರಿಸಿದರೆ, ಮೊದಲು ಹಾರ್ನಿನ ಕಾಲಮ್ಮಿನ ಮೇಲೆ ಕಣ್ಣಾಡಿಸಿ. ಆಮೇಲೆ ಬೀದಿಯ ಎರಡೂ ಬದಿಯ ಗೋಡೆಗಳು ಸದ್ದನ್ನು ತಿರುಗಿಸಿ ಕಳಿಸುತ್ತಿವೆಯೇ ನೋಡಿ.