ಐದು ಸ್ವರ ಸಾಕು: ಗಿಟಾರ್‌ನಲ್ಲಿ ನಮ್ಮದೇ ಸಾಲು ನುಡಿಸೋದು ಹೆಂಗ?

ಹಾಸ್ಟೆಲ್ ಕಾರ್ಯಕ್ರಮದಾಗ ಹಾಡುತ್ತಿದ್ದ ಗೆಳೆಯ ಎರಡನೇ ಚರಣ ಮರೆತು ನಮ್ಮ ಕಡೆ ತಿರುಗಿದ. "ಏನರ ಬಾರಿಸ್ರೋ!" ಗಿಟಾರ್ ಹಿಡಿದಿದ್ದ ನಮ್ಮಿಬ್ಬರಿಗೂ ಕಾರ್ಡ್‌ಗಳು ಬಾಯಿಪಾಠ. ಆದರೆ ವಿಡಿಯೊ ನೋಡಿ ಕಲಿತದ್ದು ಬಿಟ್ಟು ಒಂದು ಸ್ವರಾನೂ ಕೈಗೆ ಬರಲಿಲ್ಲ. ಎಲ್ಲರೂ ನಕ್ಕರು. ಆಮೇಲೆ ನಾವು ಕಲಿತದ್ದು ಇಷ್ಟು.

ಸ್ವಂತ ಸಾಲು ನುಡಿಸೋಕೆ ಬಹಳ ಸ್ವರ ಗೊತ್ತಿರಬೇಕು ಅನ್ನೋದು ತಪ್ಪು. ನಮ್ಮ ಭಾಗದಾಗ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರನ್ನು ನೋಡ್ರಿ. ಏಕತಾರಿ ಒಂದೇ ಸ್ವರ ಹಿಡಿದು ಮಿಡಿಯುತ್ತದೆ. ದನಿ ಅದನ್ನು ಬಿಟ್ಟು ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ. ನಾವು ಮಾಡಬೇಕಾದ್ದೂ ಅದೇ.

ತೆಳು ತಂತಿಯಿಂದ ಎಣಿಸಿದರೆ ಐದನೇ ತಂತಿಯೇ ನಮ್ಮ ಏಕತಾರಿ. ಏನೂ ಒತ್ತದೆ ಮೀಟಿದರೆ ಅದು 'ಎ' ಸ್ವರ, 110 ಹರ್ಟ್ಸ್. ಅದನ್ನು 'ಸ' ಅನ್ನೋಣ. ಹೆಬ್ಬೆರಳಿನಿಂದ ಅದನ್ನು ಮೀಟುತ್ತಾ ಈ ಆರು ಜಾಗ ಹಿಡೀರಿ:

• ನಾಲ್ಕನೇ ತಂತಿ: 7ನೇ ಫ್ರೆಟ್ ಸ (220 ಹರ್ಟ್ಸ್)
• ಮೂರನೇ ತಂತಿ: 5ನೇ ಫ್ರೆಟ್ ಕೋಮಲ ಗ, 7ನೇ ಫ್ರೆಟ್ ಮ
• ಎರಡನೇ ತಂತಿ: 5ನೇ ಫ್ರೆಟ್ ಪ, 8ನೇ ಫ್ರೆಟ್ ಕೋಮಲ ನಿ
• ಒಂದನೇ ತಂತಿ: 5ನೇ ಫ್ರೆಟ್ ಮೇಲಿನ ಸ (440 ಹರ್ಟ್ಸ್)

ಗಿಟಾರ್ ಕಲಿಸುವವರು ಇದನ್ನು ಮೈನರ್ ಪೆಂಟಾಟೋನಿಕ್ ಅಂತಾರೆ. ಹಿಂದೂಸ್ತಾನಿಯ ಧಾನಿ ರಾಗದಲ್ಲೂ ಇವೇ ಐದು ಸ್ವರ. ರಾಗದ ನಡೆ ಮಾತ್ರ ಬೇರೆ.

ಮೊದಲ ವಾರ ಸ, ಗ, ಮ ಮೂರೇ. ಮೆಟ್ರೊನೋಮ್ 60ಕ್ಕೆ ಇಟ್ಟು ನಾಲ್ಕು ಎಣಿಕೆ ನುಡಿಸಿ, ನಾಲ್ಕು ಎಣಿಕೆ ಸುಮ್ಮನಿರ್ರಿ. ಸುಮ್ಮನಿರೋದೇ ಕಷ್ಟ, ಆದರೆ ಮುಂದಿನ ಸಾಲು ಹೊಳೆಯೋದು ಅಲ್ಲೇ.

ಆಮೇಲೆ ಪ್ರಶ್ನೆ-ಉತ್ತರ. ಲಯಕ್ಕೆ ದಿನದ ಮಾತೇ ಸಾಕು. "ಊಟಾ ಆತೇನೋ?" ಅನ್ನೋ ಲಯದಾಗ ಒಬ್ಬರು ನುಡಿಸಿ 'ಪ'ದಲ್ಲಿ ನಿಲ್ಲಿಸಲಿ, "ಇನ್ನಾ ಇಲ್ಲೋ" ಅಂತ ಇನ್ನೊಬ್ಬರು 'ಸ'ಕ್ಕೆ ಬಂದು ಮುಗಿಸಲಿ. ಮೊದಲು ಬಾಯಲ್ಲಿ ಗುನುಗಿ, ಆಮೇಲೆ ನುಡಿಸ್ರಿ. ಇಲ್ಲಾಂದ್ರ ಬೆರಳು ಸುಮ್ಮನೆ ಮೆಟ್ಟಿಲು ಹತ್ತಿ ಇಳೀತಾವ.

ತಪ್ಪು ಸ್ವರ ಬಿದ್ದರೆ? ಈ ಐದು ಸ್ವರಗಳ ನಡುವಿನ ಅಂತರ ಫ್ರೆಟ್ ಲೆಕ್ಕದಾಗ 3, 2, 2, 3, 2. ಅಂದರೆ ಯಾವ ತಪ್ಪು ಫ್ರೆಟ್ ಒತ್ತಿದರೂ, ಅದೇ ತಂತಿ ಮೇಲೆ ಒಂದು ಫ್ರೆಟ್ ಹಿಂದೆಯೋ ಮುಂದೆಯೋ ಸರಿ ಸ್ವರ ಇದ್ದೇ ಇರ್ತದ. ನಿಲ್ಲಬ್ಯಾಡ್ರಿ, ಅಲ್ಲಿಗೆ ಜಾರಿಬಿಡ್ರಿ.

ಇನ್ನೊಂದು ಮಾತು. ನಮ್ಮೂರಿನ ಬಿಸಿಲಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳೀತದ. ಕೂಡುವ ಮೊದಲು ಪ್ರತಿ ಸಲ ಶ್ರುತಿ ನೋಡಿಕೊಳ್ರಿ.

ಈಗ ರಾತ್ರಿ ಊಟ ಆದ ಮೇಲೆ ಸೇಡಂ ರಸ್ತೆಯ ಲಾರಿ ಸದ್ದಿನ ನಡುವೆ ಟೆರೇಸ್ ಮೇಲೆ ಕೂಡ್ತೇವೆ. ಅದೇ ಗೆಳೆಯ ಹಾಡ್ತಾನ. ಎರಡನೇ ಚರಣ ಬಂದಾಗ ಬೇಕಂತಲೇ ಮರೀತಾನ.