ಜಾತ್ರೆಯ ಟ್ರಂಕಿಗೆ ಅಂಕಿಯ ಕೀಲಿ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಉಳವಿಯ ಹಾದಿ ಹಿಡಿಯುತ್ತವೆ. ಕಲ್ಯಾಣದ ಕ್ರಾಂತಿಯ ನಂತರ ಶರಣರನ್ನು, ವಚನದ ಕಟ್ಟುಗಳನ್ನು ಕಾಯ್ದುಕೊಂಡು ಬಂದ ಚನ್ನಬಸವಣ್ಣನವರು ಐಕ್ಯರಾದ ಜಾಗವದು. ಕೊಲ್ಲಾರಿ ಕಟ್ಟಿದ ಬಂಡಿಯಲ್ಲಿ ರೊಟ್ಟಿ ಬುತ್ತಿ, ಎತ್ತಿನ ಮೇವು, ಹಾಸಿಗೆ, ಮನೆಮಂದಿಯ ಬಟ್ಟೆ, ಮೂಲೆಯಲ್ಲೊಂದು ಟ್ರಂಕು. ಜೋಯಿಡಾ ಕಾಡಿನೊಳಗೆ ವಸ್ತಿ ಇಳಿದು ಹಳ್ಳದಲ್ಲಿ ಸ್ನಾನ ಮಾಡುವವರಿಗೆ, ರಥ ಎಳೆಯುವ ನೂಕುನುಗ್ಗಲಿನಲ್ಲಿ ನಿಲ್ಲುವವರಿಗೆ ಟ್ರಂಕಿನ ಕೀಲಿಕೈಯದೇ ದೊಡ್ಡ ಚಿಂತೆ. ಉಡದಾರಕ್ಕೆ ಕಟ್ಟಿದ್ದೂ ಕಳಚಿ ಬೀಳುತ್ತದೆ.

ಕೀಲಿಕೈಯೇ ಇಲ್ಲದ ನಂಬರ್ ಲಾಕ್ ಇಂಥ ಪಯಣಕ್ಕೆ ಬಹಳ ಒಳ್ಳೆಯ ಸಂಗಾತಿ. ಆದರೂ ನಮ್ಮಲ್ಲಿ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ನಂಬರ್ ಮರೆತರೆ ಏನು ಗತಿ ಎಂಬ ಅಂಜಿಕೆ. ಆ ಅಂಜಿಕೆ ಕಳೆಯಬೇಕಾದರೆ ಅದರ ಒಡಲನ್ನೊಮ್ಮೆ ನೋಡಬೇಕು.

ಮೂರು ಗಾಲಿಯ ಸಣ್ಣ ಬೀಗವನ್ನೇ ತೆಗೆದುಕೊಳ್ಳಿ. ಪ್ರತಿ ಗಾಲಿಯ ಹೊರಮೈಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, ಒಳಮೈಯಲ್ಲಿ ಒಂದೇ ಒಂದು ಕಚ್ಚು. ಗಾಲಿಗಳ ನಡುವೆ ಹಾದುಹೋದ ಸರಳಿಗೆ ಮೂರು ಹಲ್ಲು. ಮೂರೂ ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಹಲ್ಲುಗಳು ಅವುಗಳ ಮೂಲಕ ಜಾರಿ ಕೊಂಡಿ ಮೇಲೇಳುತ್ತದೆ. ಒಂದು ಗಾಲಿ ಒಂದಂಕಿ ಹಿಂದಿದ್ದರೂ ಹಲ್ಲು ಅಲ್ಲೇ ತಡೆದು ನಿಲ್ಲುತ್ತದೆ. ಇದು ಹೊಸ ಬುದ್ಧಿಯೂ ಅಲ್ಲ. 1206ರ ಸುಮಾರಿಗೆ ಅಲ್-ಜಜರಿ ಎಂಬ ಯಂತ್ರಶಿಲ್ಪಿ ಬರೆದ ಗ್ರಂಥದಲ್ಲಿಯೇ ಅಕ್ಷರದ ಗಾಲಿಗಳಿಂದ ತೆರೆಯುವ ಬೀಗದ ವಿವರಣೆಯಿದೆ.

ಬೀಗದ ಬಲವಿರುವುದು ಎಣಿಕೆಯಲ್ಲಿ. ಎಣಿಕೆಯ ಈ ವಿದ್ಯೆಗೆ ನಮ್ಮಲ್ಲಿ ಹಳೆಯ ಹೆಸರು ಅಂಕಪಾಶ. 1150ರಲ್ಲಿ, ಅಂದರೆ ಶರಣರ ಶತಮಾನದಲ್ಲಿಯೇ, ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯಲ್ಲಿ ಒಂದು ಸೊಗಸಾದ ಲೆಕ್ಕವಿದೆ: ಹತ್ತು ಕೈಯ ಶಿವ ತನ್ನ ಹತ್ತು ಆಯುಧಗಳನ್ನು ಕೈ ಬದಲಿಸಿ ಹಿಡಿದರೆ ಎಷ್ಟು ರೂಪ? ಉತ್ತರ 36,28,800. ನಮ್ಮ ಬೀಗದಲ್ಲಿ ಅದೇ ಅಂಕಿ ಮತ್ತೆ ಬರಬಹುದಾದ್ದರಿಂದ ಲೆಕ್ಕ ಇನ್ನೂ ಸರಳ. ಮೂರು ಗಾಲಿಗೆ ಹತ್ತು ಹತ್ತಲೆ ನೂರು, ನೂರು ಹತ್ತಲೆ ಸಾವಿರ. ನಾಲ್ಕಕ್ಕೆ ಹತ್ತು ಸಾವಿರ.

ಸಾವಿರವೆಂದರೆ ಬಹಳವಲ್ಲ. ಒಂದೊಂದಕ್ಕೆ ಎರಡು ಸೆಕೆಂಡು ಹಿಡಿದರೂ ಎಲ್ಲವನ್ನೂ ನೋಡಲು ಅರ್ಧ ತಾಸಿನ ಮೇಲೆ ಮೂರೇ ನಿಮಿಷ ಹೆಚ್ಚು. ಹೀಗಾಗಿ ನಂಬರ್ ಮರೆತವರು ಕಲ್ಲು, ಸುತ್ತಿಗೆ ಹುಡುಕುವ ಅಗತ್ಯವಿಲ್ಲ. ಮೊದಲು ನಿಮಗೆ ನೆನಪಿದ್ದ ನಂಬರನ್ನೇ ಇಟ್ಟು, ಒಂದೊಂದು ಗಾಲಿಯನ್ನು ಒಂದಂಕಿ ಹಿಂದೆ, ಒಂದಂಕಿ ಮುಂದೆ ಸರಿಸಿ ನೋಡಿ. ಆಮೇಲೆ ಅಂಗಡಿಯಿಂದ ಬಂದಾಗ ಸಾಮಾನ್ಯವಾಗಿರುವ 000. ಅದೂ ಆಗದಿದ್ದರೆ ಕೊಂಡಿಯನ್ನು ಹಗುರವಾಗಿ ಎಳೆದು ಹಿಡಿದು, ಎಡದ ಎರಡು ಗಾಲಿ ಹಾಗೇ ಬಿಟ್ಟು ಬಲದ ಗಾಲಿಯನ್ನು ಒಂದು ಸುತ್ತು ತಿರುಗಿಸಿ. ನಡುವಿನದನ್ನು ಒಂದು ಮನೆ ಮುಂದಿಟ್ಟು ಮತ್ತೆ ಬಲದ್ದು. ನಡುವಿನದರ ಸುತ್ತೂ ಮುಗಿದರೆ ಎಡದ್ದನ್ನು ಒಂದು ಮನೆ ಮುಂದಿಡಿ. ಮನಬಂದಂತೆ ಹೊರಳಿಸದೆ ಸಾಲಾಗಿ ಹೋದರೆ ಮೂರು ಗಾಲಿಯ ಬೀಗ ಸಾವಿರದೊಳಗೆ ತೆರೆಯಲೇಬೇಕು.

ಮರೆವಿಗಿಂತ ಮೋಸ ಮಾಡುವುದು ಇನ್ನೊಂದಿದೆ. ಹಲವು ಬೀಗಗಳಲ್ಲಿ ನಂಬರ್ ಬದಲಿಸುವ ಕ್ರಮ ತೀರಾ ಸುಲಭ: ತೆರೆದ ಕೊಂಡಿಯನ್ನು ತಿರುಗಿಸಿ, ಒಳಗೆ ಒತ್ತಿ ಹಿಡಿದು, ಹೊಸ ಅಂಕಿ ಕೂಡಿಸಿ ಬಿಡುವುದು. ಸೂಟ್‌ಕೇಸಿನಲ್ಲಾದರೆ ಪೆನ್ನಿನ ತುದಿ ತಾಗಿಸುವ ಸಣ್ಣ ಗುಂಡಿ. ತೆರೆದಿಟ್ಟ ಬೀಗವನ್ನು ಮಕ್ಕಳು ಆಡಿಸಿದರೆ ನಂಬರೇ ಬದಲಾಗಿ ಹೋಗಿರುತ್ತದೆ, ನಾವು ನಮ್ಮ ನೆನಪನ್ನು ಬೈದುಕೊಳ್ಳುತ್ತ ಕೂಡುತ್ತೇವೆ.

ತಿಜೋರಿಯ ಮಾತು ಬೇರೆ. ಅಲ್ಲಿ ಗಾಲಿಗಳು ಒಳಗಿದ್ದು ಹೊರಗೆ ಒಂದೇ ಬಿಲ್ಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಬೇಕು, ಸಾಧ್ಯತೆಗಳು ಲಕ್ಷಗಟ್ಟಲೆ. ಅದಕ್ಕೆ ಕಂಪನಿಯ ಮಿಸ್ತ್ರಿಯನ್ನೇ ಕರೆಸುವುದು ಲೇಸು. ಆದರೆ ಅದೆಷ್ಟು ಗಟ್ಟಿಯಿದ್ದರೂ ಆರಿಸಿದ ನಂಬರ್ ಸಸಾರವಾದರೆ ಮುಗಿಯಿತು. ಅಣುಬಾಂಬು ತಯಾರಾಗುತ್ತಿದ್ದ ಲಾಸ್ ಅಲಮೋಸ್‌ನಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಸಹೋದ್ಯೋಗಿಯೊಬ್ಬರ ರಹಸ್ಯ ಕಡತದ ಕಪಾಟುಗಳನ್ನು ತೆರೆದದ್ದು 27-18-28 ಎಂದು ಊಹಿಸಿ. ಗಣಿತದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸ್ಥಿರಾಂಕದ ಮೊದಲ ಅಂಕಿಗಳವು. ಹುಟ್ಟಿದ ವರ್ಷ, ಗಾಡಿಯ ನಂಬರ್, 123 ಬೇಡವೇ ಬೇಡ ಎನ್ನುವುದು ಇದಕ್ಕೇ.

ಉಳವಿಗೆ ಹೊರಡುವವರು ಇನ್ನೊಂದನ್ನೂ ಲಕ್ಷ್ಯದಲ್ಲಿಡಬೇಕು. ಜೋಯಿಡಾ ತಾಲ್ಲೂಕಿನ ಕಾಡುದಾರಿಯಲ್ಲಿ ಹಲವು ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಮನೆಗೆ ಫೋನ್ ಮಾಡಿ ಕೇಳಿದರಾಯಿತು ಎಂಬ ಭರವಸೆ ಅಲ್ಲಿ ನಡೆಯದು. ನಂಬರನ್ನು ಚೀಟಿಯಲ್ಲಿ ಬರೆದು ಅದೇ ಟ್ರಂಕಿನೊಳಗೆ ಇಡುವುದರಿಂದಲೂ ಉಪಯೋಗವಿಲ್ಲ. ಬಂಡಿಯಲ್ಲಿ ಜೊತೆಗೆ ಬರುವ ಹಿರಿಯರೊಬ್ಬರಿಗೆ ಹೇಳಿಡಿ. ಹೊಸ ನಂಬರ್ ಕೂಡಿಸಿದ ಮೇಲೆ ಟ್ರಂಕಿಗೆ ಹಾಕುವ ಮುಂಚೆ ಬೀಗವನ್ನು ಕೈಯಲ್ಲೇ ಹಿಡಿದು ಮೂರು ಸಲ ಹಾಕಿ ತೆಗೆದು ನೋಡಿ, ಆಮೇಲೆ ಎತ್ತು ಕಟ್ಟಿ.